ಕಲ್ಲು ಕುಟ್ತೀನಿ, ಸೋಮಿ

ಬೈರಮ್ಮ ಸುಳ್ಳು ಹೇಳಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೇರಿಯ ಹೆಂಗಸೊಬ್ಬಳು ಪೊಲೀಸರಿಗೆ ಸುಳ್ಳು ಹೇಳಿ ಮರ್ಯಾದಸ್ಥರ ಬಾಗಿಲಿಗೆ ಕರೆತಂದಳು ಅಂತ ಲಕ್ಷ್ಮಣಪ್ಪ ಸಾಯುವ ತನಕ ಹೇಳಿಕೊಂಡು ತಿರುಗಿದ. ಅವಳು ಮೊದಲಿಂದ ಕೊನೆಯವರೆಗೆ ಹೇಳಿದ್ದು ಒಂದೇ ಮಾತು. ಅದು ಅಪ್ಪಟ ನಿಜ. ಕೇಳಿದವರ ಕಿವಿ ನೆಟ್ಟಗಿರಲಿಲ್ಲ, ಅಷ್ಟೆ.

ಸಾನಮಾವು ಕಾಡಿನ ಅಂಚಿಗೆ, ಸೂಳಗಿರಿಗೆ ಹೋಗುವ ಗಾಡಿ ಜಾಡಿನ ಪಕ್ಕ ಲಕ್ಷ್ಮಣಪ್ಪನ ಕೊಟ್ಟಿಗೆ ಇತ್ತು. ಹೆಸರಿಗೆ ಕೊಟ್ಟಿಗೆ. ದನ ಕಟ್ಟುವ ಹಾಗಿದ್ದರೆ ಒಂದು ಕಿಟಕಿಯನ್ನಾದರೂ ಇಡಿಸುತ್ತಿದ್ದ. ಅದರೊಳಗೆ ಕೇರಿಯ ಇಪ್ಪತ್ತು ಹೆಂಗಸರು ಬೆಣಚುಕಲ್ಲು ಕುಟ್ಟುತ್ತಿದ್ದರು. ಗುಡ್ಡದಿಂದ ಬಿಳಿ ಕಲ್ಲು ಬರುತ್ತಿತ್ತು. ಸುತ್ತಿಗೆಯಲ್ಲಿ ಒಡೆದು ಚೂರು ಮಾಡಬೇಕು. ಚೂರನ್ನು ಒರಳಿಗೆ ಹಾಕಿ ಕಬ್ಬಿಣದ ಹಾರೆಯಲ್ಲಿ ಕುಟ್ಟಿ ಹಿಟ್ಟು ಮಾಡಬೇಕು. ಹಿಟ್ಟನ್ನು ಒಳಗಿನ ಸಣ್ಣ ಕೋಣೆಗೆ ಒಯ್ದು ಬಟ್ಟೆ ಕಟ್ಟಿದ ಜರಡಿಯಲ್ಲಿ ಆಡಿಸಬೇಕು. ಜರಡಿಯಿಂದ ಇಳಿಯುವ ಪುಡಿ ಎಷ್ಟು ನಯವೆಂದರೆ ಬೆರಳ ನಡುವೆ ಇದ್ದರೂ ಗೊತ್ತಾಗುತ್ತಿರಲಿಲ್ಲ. ಆ ನಯವಾದ ಪುಡಿಗೇ ಬೆಲೆ. ಗಾಳಿ ಬಂದರೆ ಅದು ಹಾರಿಹೋಗುತ್ತದೆ ಅಂತ ಲಕ್ಷ್ಮಣಪ್ಪ ಗೋಡೆಯ ಸಂದುಗೊಂದುಗಳಿಗೆಲ್ಲ ಗೋಣಿಚೀಲ ತುರುಕಿಸಿದ್ದ. ಬಾಗಿಲಿಗೆ ಹೊರಗಿನಿಂದ ಅಗುಳಿ.

ಪುಡಿ ಬೆಂಗಳೂರಿಗೆ ಹೋಗುತ್ತಿತ್ತು. ಅಲ್ಲಿ ಅದರಿಂದ ಪಿಂಗಾಣಿ ಬಟ್ಟಲು ಮಾಡುತ್ತಾರಂತೆ. ಅಂಥ ಬಟ್ಟಲು ಸೂಳಗಿರಿಯ ಟೀ ಅಂಗಡಿಯಲ್ಲೂ ಸಾಲಾಗಿ ಇದ್ದವು. ಕೇರಿಯವರಿಗೆ ಅಲ್ಲಿ ತೆಂಗಿನ ಚಿಪ್ಪು.

ಭತ್ತ ಕುಟ್ಟುವ ಹೆಂಗಸರು ಹಾಡುತ್ತಾರೆ. ಇಲ್ಲಿ ಯಾರೂ ಹಾಡುತ್ತಿರಲಿಲ್ಲ. ಬಾಯಿ ತೆಗೆದರೆ ಕಲ್ಲು ಒಳಗೆ. ಸಂಜೆ ಹೊರಗೆ ಬಂದಾಗ ಇಪ್ಪತ್ತು ಜನವೂ ಬೆಳ್ಳಗೆ, ತಲೆಗೂದಲಿಂದ ಕಾಲುಗುರಿನ ತನಕ. "ನೋಡ್ರಮ್ಮಿ, ದಿನಕ್ಕೊಂದ್ಸಲ ನಾವೂ ದೊರೆಸಾನೀರು ಆಯ್ತೀವಿ" ಅನ್ನುತ್ತಿದ್ದಳು ಬೈರಮ್ಮ. ನಲವತ್ತೈದು ವಯಸ್ಸು, ಗಂಡ ಸತ್ತು ಬಹಳ ವರ್ಷ, ಬಾಯಿ ಮಾತ್ರ ಯಾವತ್ತೂ ಎಚ್ಚರ. ಅವಳಿಗೆ ಇದ್ದದ್ದು ತಮ್ಮ ನಂಜಪ್ಪ, ಅವನ ಹೆಂಡತಿ ಅಶ್ವತ್ಥಮ್ಮ.

ನಂಜಪ್ಪ ಮೊದಲು ಕುಟ್ಟುತ್ತಿದ್ದ. ಮೂರು ವರ್ಷದಿಂದ ಜರಡಿ ಕೋಣೆಯಲ್ಲಿ. ಜರಡಿ ಹಿಡಿದವರು ಬಹಳ ದಿನ ಬಾಳುವುದಿಲ್ಲ ಅಂತ ಕೇರಿಗೆ ಗೊತ್ತು. ಅವನಿಗಿಂತ ಮುಂಚಿನ ಮೂವರೂ ಕೆಮ್ಮಿ ಕೆಮ್ಮಿ ಹೋದರು. ಈಗ ಇವನ ಸರದಿ. ಮೂವತ್ತು ವರ್ಷದ ಗಂಡಸು ಮನೆಯಿಂದ ಕೊಟ್ಟಿಗೆಗೆ ನಡೆಯುವಷ್ಟರಲ್ಲಿ ಎರಡು ಸಲ ಕೂತು ಉಸಿರು ಹಿಡಿಯಬೇಕಾಗಿತ್ತು. ಮೇಸ್ತ್ರಿ ಚಿನ್ನಪ್ಪ ಇದನ್ನು ನೋಡಿ ಧಣಿ ಲಕ್ಷ್ಮಣಪ್ಪನಿಗೆ ಹೇಳಿದ. ಧಣಿ ಇವನನ್ನು ಬಿಡಿಸಿ, ಇವನ ಹೆಂಡತಿಯನ್ನು ಜರಡಿಗೆ ಹಾಕು ಅಂದ. ಅಶ್ವತ್ಥಮ್ಮನಿಗೆ ಇಪ್ಪತ್ತೆರಡು.

ಈ ಮಾತು ಕೇಳಿದ ದಿನ ಬೈರಮ್ಮ ಬಾಗಿಲಲ್ಲಿ ನಿಂತು ಧಣಿಯನ್ನು ಎರಡೇ ಕೇಳಿದಳು. ಜರಡಿ ಕೋಣೆಯ ಗೋಡೆ ತೆಗೆಸಿ. ಕುಟ್ಟುವಾಗ ಒರಳಿಗೆ ನೀರು ಚಿಮುಕಿಸಲು ಬಿಡಿ, ಹಸಿ ಕಲ್ಲು ಹಾರುವುದಿಲ್ಲ.

"ನೀರು ಯಾರು ಸೇದಿಕೊಡ್ತಾರೆ? ನಿಮ್ಮಪ್ಪನಾ?" ಅಂದ ಲಕ್ಷ್ಮಣಪ್ಪ.

ಕೊಟ್ಟಿಗೆಯ ಪಕ್ಕದಲ್ಲೇ ಬಾವಿ. ಧಣಿಯ ಬಾವಿ. ಕೇರಿಯವರು ಅದನ್ನು ಮುಟ್ಟುವಂತಿರಲಿಲ್ಲ. ಮಧ್ಯಾಹ್ನ ಚಿನ್ನಪ್ಪ ಸೇದಿ ಮೇಲಿಂದ ಹುಯ್ಯುತ್ತಿದ್ದ, ಇವರು ಬೊಗಸೆಯೊಡ್ಡಿ ಕುಡಿಯಬೇಕು. ಇಪ್ಪತ್ತು ಒರಳಿಗೆ ನೀರು ಹುಯ್ಯುತ್ತಾ ಕೂತರೆ ಚಿನ್ನಪ್ಪನ ರಟ್ಟೆ ಬಿದ್ದುಹೋಗುತ್ತದೆ. ಇಪ್ಪತ್ತು ಜನರ ಎದೆ ಬಿದ್ದುಹೋದರೆ ಪರವಾಗಿಲ್ಲ.

"ನಿನ್ನ ತಮ್ಮನ ಕೆಮ್ಮಿಗೂ ನನ್ನ ಕಲ್ಲಿಗೂ ಏನು ಸಂಬಂಧ? ಡಾಕ್ಟರು ಬರೆದುಕೊಟ್ಟರೆ ತಗೊಂಡು ಬಾ. ನೋಡೋಣ."

ಕೇರಿಯ ಹೆಂಗಸು ಡಾಕ್ಟರ ತನಕ ಹೋಗುವುದಿಲ್ಲ ಅಂತ ಅವನ ಲೆಕ್ಕ. ಬೈರಮ್ಮ ತಮ್ಮನನ್ನು ಗಾಡಿಯಲ್ಲಿ ಹಾಕಿಕೊಂಡು ಹೋದಳು. ಕೃಷ್ಣಗಿರಿಯಿಂದಾಚೆ ಪಾದ್ರಿಗಳ ಆಸ್ಪತ್ರೆಯೊಂದಿತ್ತು. ಅಲ್ಲಿ ಎದೆಯ ಒಳಗಿನ ಚಿತ್ರ ತೆಗೆಯುವ ಯಂತ್ರ ಬಂದಿದೆ ಅಂತ ಸುದ್ದಿ.

ಡಾಕ್ಟರು ವಯಸ್ಸಾದ ಬಿಳಿ ದೊರೆ. ಒಳ್ಳೆಯ ಮನುಷ್ಯ, ಆದರೆ ಇಂಗ್ಲಿಷು ಬಿಟ್ಟರೆ ಅವನಿಗೆ ಬರುತ್ತಿದ್ದದ್ದು ನಾಲ್ಕು ತಮಿಳು ಮಾತು. ಕಾಯಿಲೆಯವರ ಮಾತನ್ನು ಅವನಿಗೆ ಮುಟ್ಟಿಸುವವನು ಕಾಂಪೌಂಡರು. ಕಾಂಪೌಂಡರು ಚಿತ್ತೂರು ಕಡೆಯವನು, ಮನೆಮಾತು ತೆಲುಗು. ಎಡವಟ್ಟಾದದ್ದು ಅಲ್ಲೇ. ತೆಲುಗಿನವರಿಗೆ ಕಲ್ಲು ಅಂದರೆ ರಾಯಿ. ಅವರು ಕಲ್ಲು ಅನ್ನುವುದು ಈಚಲು ಮರದಿಂದ ಇಳಿಸುವ ಕಳ್ಳಿಗೆ.

"ಏನಯ್ಯಾ ಮಾಡ್ತೀಯ?" ಅಂತ ಕಾಂಪೌಂಡರು ಕೇಳಿದ.

ನಂಜಪ್ಪ ಕೆಮ್ಮು ನುಂಗಿಕೊಂಡು ಹೇಳಿದ. "ಕಲ್ಲು ಕುಟ್ತೀನಿ, ಸೋಮಿ."

ಕೆಮ್ಮಿನ ನಡುವೆ ಬಂದ ಆ 'ಕುಟ್ತೀನಿ' ಕಾಂಪೌಂಡರ ಕಿವಿಗೆ 'ಕುಡ್ತೀನಿ' ಆಗಿ ಬಿತ್ತು. ಅವನು ಕನ್ನಡಕ ಸರಿಮಾಡಿಕೊಂಡ. ಹೊಸೂರು ಸೀಮೆ ಸೇರಿದ್ದ ಸೇಲಂ ಜಿಲ್ಲೆಯಲ್ಲಿ ಸರ್ಕಾರ ಕಳ್ಳು ನಿಷೇಧಿಸಿ ಐದು ವರ್ಷವಾಗಿತ್ತು. ಇಷ್ಟು ಧೈರ್ಯವಾಗಿ ಒಪ್ಪಿಕೊಂಡವರನ್ನು ಅವನು ನೋಡಿರಲಿಲ್ಲ.

"ದಿನಾಲೂನಾ?"

"ದಿನಾ, ಸೋಮಿ. ಹೊತ್ತುಟ್ಟೋ ಮುಂಚೆ ಶುರು, ಹೊತ್ತು ಮುಳುಗೋಗಂಟ."

"ಎಷ್ಟು ವರ್ಷದಿಂದ?"

"ಆರು ವರ್ಸ ಆಯ್ತು."

"ನೀನೊಬ್ಬನೇನಾ?"

ಇದಕ್ಕೆ ಬೈರಮ್ಮ ಉತ್ತರ ಕೊಟ್ಟಳು. "ಹೆಂಗಸ್ರೇ ಜಾಸ್ತಿ, ಸೋಮಿ. ನಮ್ ಕೇರೀಲಿ ಇಪ್ಪತ್ತು ಜನ ಇದೇ ಕಸುಬು. ಧಣಿ ಕೊಟ್ಟಿಗೇಲಿ, ಬಾಗ್ಲಾಕ್ಕಂಡು."

"ಧಣಿಗೆ ಗೊತ್ತಾ?"

"ಅವ್ರೇ ಅಲ್ವಾ ಮಾಡ್ಸೋರು!"

ಕಾಂಪೌಂಡರು ರಾಮ ರಾಮ ಅಂದ. ದೊರೆಗೆ ಇಂಗ್ಲಿಷಿನಲ್ಲಿ ಹೇಳಿದ. ದೊರೆ ಆಗ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದ. ಎದೆಗೂಡಿನ ಎರಡು ಕಡೆಯೂ ಮೇಲ್ಭಾಗದಲ್ಲಿ ಬೆಳ್ಳಗೆ ಗಂಟುಗಂಟು ಕಲೆ. ಅಲ್ಲಿ ಕಲೆಗಟ್ಟಲು ಕಾರಣ ಕೆಲವೇ ಇವೆ ಅಂತ ದೊರೆ ಅಂದನಂತೆ. ಒಂದು ಕ್ಷಯ. ಆದರೆ ಇವನ ಕಫದಲ್ಲಿ ಅದರ ಹುಳು ಸಿಕ್ಕಿಲ್ಲ. ಇನ್ನೊಂದು ಕಲ್ಲಿನ ದೂಳು. ಇವನು ಕಲ್ಲುಕುಟಿಗನಾ, ವಿಚಾರಿಸು ಅಂದನಂತೆ. ಕಾಂಪೌಂಡರು ವಿಚಾರಿಸಲಿಲ್ಲ. ಕುಡುಕರ ಹತ್ತಿರ ಏನು ವಿಚಾರಿಸುವುದು? ಇಲ್ಲ ದೊರೆ, ಇವನಿಗೆ ಕುಡಿಯುವುದು ಬಿಟ್ಟರೆ ಬೇರೆ ಕಸುಬಿಲ್ಲ ಅಂದುಬಿಟ್ಟ. ಇದೆಲ್ಲ ಆಮೇಲೆ ತಿಳಿದದ್ದು.

ನಂಜಪ್ಪನ ಕಡೆ ತಿರುಗಿ ಕಾಂಪೌಂಡರು ಬುದ್ಧಿ ಹೇಳಿದ. "ನಿನ್ನ ಕಾಯಿಲೆ ಎದೆಯೊಳಗೆ ಮೇಲ್ಗಡೆ ಇದೆ."

"ಊರಲ್ಲೂ ಹಂಗೇ ಸೋಮಿ, ಕಾಯ್ಲೆ ಇರೋದು ಮೇಲ್ಗಡೇನೇ" ಅಂದಳು ಬೈರಮ್ಮ.

"ನಗಬೇಡಮ್ಮ. ಬದುಕಬೇಕಾದರೆ ಇವನು ಕಲ್ಲು ಬಿಡಬೇಕು."

ಬೈರಮ್ಮನಿಗೆ ಕಣ್ಣಲ್ಲಿ ನೀರು ಬಂತು. ಆರು ವರ್ಷದಲ್ಲಿ ಓದಿದವನೊಬ್ಬ ಮೊದಲ ಸಲ ನಿಜ ಹೇಳಿದ್ದ. "ನಾನೂ ಅದೇ ಹೇಳ್ತಿದ್ದೆ ಸೋಮಿ. ಆದ್ರೆ ಕಲ್ಲು ಬುಟ್ರೆ ಹೊಟ್ಟೆಗೇನು ಮಾಡೋದು?"

"ಕಲ್ಲಿನಿಂದಲೇ ಹೊಟ್ಟೆ ತುಂಬಿಸ್ತೀರಾ? ಥೂ!" ಅಂತ ಕಾಂಪೌಂಡರು ಎದ್ದ. ದೊರೆ ಬರೆದ ಚೀಟಿಯನ್ನು ಕೈಗೆ ಹಾಕಿ ಕಳಿಸಿದ.

ಆ ಚೀಟಿಯನ್ನು ಬೈರಮ್ಮ ಸೆರಗಿನಲ್ಲಿ ಕಟ್ಟಿಕೊಂಡು ದಾರಿಯುದ್ದಕ್ಕೂ ಮುಟ್ಟಿ ಮುಟ್ಟಿ ನೋಡಿಕೊಂಡಳು. ನೆಟ್ಟಗೆ ಧಣಿಯ ಜಗಲಿಗೆ ಹೋಗಿ ಮೆಟ್ಟಿಲ ಮೇಲಿಟ್ಟು ದೂರ ನಿಂತಳು. ಹೊಸೂರಿನಲ್ಲಿ ನಾಲ್ಕು ಕ್ಲಾಸು ಇಂಗ್ಲಿಷು ಓದಿದ್ದ ಲಕ್ಷ್ಮಣಪ್ಪ ಚೀಟಿ ಬಿಚ್ಚಿ ಓದಿದ. ಮುಖ ಅರಳಿತು. ಇನ್ನೊಮ್ಮೆ ಓದಿದ. ತೊಡೆ ತಟ್ಟಿಕೊಂಡು ನಕ್ಕ.

"ಚಿನ್ನಪ್ಪಾ, ಬಾರೋ ಇಲ್ಲಿ! ದೊರೆ ಏನು ಬರೆದಿದ್ದಾನೆ ಕೇಳು. ಇವನು ಆರು ವರ್ಷದಿಂದ ದಿನಾ ಬೆಳಗಿನಿಂದ ಸಂಜೆ ತನಕ ಕಳ್ಳು ಕುಡಿದು ಎದೆ ಸುಟ್ಟುಕೊಂಡಿದ್ದಾನಂತೆ. ಕೇರಿಯ ಹೆಂಗಸರೂ ಕುಡೀತಾರಂತೆ. ನನ್ನ ಕೊಟ್ಟಿಗೇಲಿ!"

"ಕಲ್ಲು ಬುದ್ಧಿ, ನಾವೇಳಿದ್ದು ಕಲ್ಲು" ಅಂದಳು ಬೈರಮ್ಮ.

"ಕಳ್ಳೇ. ಇಂಗ್ಲಿಷಿನಲ್ಲಿ ಬರೆದಿದ್ದಾನೆ. ಇಂಗ್ಲಿಷಿನಲ್ಲಿ ಕಲ್ಲಿಗೆ ಬೇರೆ, ಕಳ್ಳಿಗೆ ಬೇರೆ." ಅವನು ಚೀಟಿಯನ್ನು ಅವಳ ಕಾಲ ಬಳಿಗೆ ಎಸೆದ. "ಜೋಪಾನವಾಗಿ ಇಟ್ಟುಕೋ. ಇನ್ನೊಂದು ಸಲ ಗೋಡೆ ತೆಗೆಸಿ, ನೀರು ಕೊಡಿ ಅಂದರೆ ಇದನ್ನೇ ಕಿತ್ತುಕೊಂಡು ಪೊಲೀಸಿಗೆ ಕೊಡ್ತೀನಿ. ಇಡೀ ಕೇರಿ ಜೈಲಿಗೆ ಹೋಗುತ್ತೆ. ಸೋಮವಾರದಿಂದ ಅಶ್ವತ್ಥಮ್ಮ ಜರಡಿಗೆ."

ಅಷ್ಟಕ್ಕೇ ಬಿಡಲಿಲ್ಲ. ಮಾರನೆಯ ಬೆಳಗ್ಗೆ ಕೊಟ್ಟಿಗೆಯ ಮುಂದೆ ಹೊಸ ಕಟ್ಟಲೆ ಶುರುವಾಯಿತು. ಒಳಗೆ ಹೋಗುವ ಮುಂಚೆ ಬಾಯಿ ಮೂಸಬೇಕು, ಯಾರು ಕುಡಿದು ಬಂದಿದ್ದಾರೆ ನೋಡಬೇಕು. ಆದರೆ ಮೂಸುವವರು ಯಾರು? ಚಿನ್ನಪ್ಪ ಮೂಸಿದರೆ ಮೈಲಿಗೆ. ಧಣಿ ಮೂಸುವುದಂತೂ ಇಲ್ಲ. ಬಹಳ ಹೊತ್ತು ಯೋಚನೆ ಮಾಡಿ ಧಣಿ ಉಪಾಯ ಹುಡುಕಿದ. ಇಬ್ಬಿಬ್ಬರಾಗಿ ನಿಲ್ಲಿ, ಒಬ್ಬಳ ಬಾಯಿ ಇನ್ನೊಬ್ಬಳು ಮೂಸಿ ಗಟ್ಟಿಯಾಗಿ ಹೇಳಿ.

ಇಪ್ಪತ್ತು ಹೆಂಗಸರು ಎದುರುಬದುರಾಗಿ ನಿಂತರು. ಮುದುಕಿಯರು, ಮೊಲೆಹಾಲಿನ ಬಾಣಂತಿಯರು, ಅತ್ತೆ, ಸೊಸೆ. ದಾರಿಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ ನೋಡಿದರು. ಬಾಯಿ ತೆಗೆಯಲು ಅಶ್ವತ್ಥಮ್ಮನಿಗೆ ಆಗಲಿಲ್ಲ. ತುಟಿ ಕಚ್ಚಿಕೊಂಡು ನಿಂತಳು. ಚಿನ್ನಪ್ಪ ಕೋಲಿನಿಂದ ಅವಳ ಗದ್ದ ಎತ್ತಿದ. ಕೋಲಿಗೆ ಮೈಲಿಗೆಯಿಲ್ಲ.

ಬೈರಮ್ಮ ನಾದಿನಿಯ ಮುಂದೆ ಹೋಗಿ ನಿಂತು, ಮೂಗು ತಂದು, ಉದ್ದಕ್ಕೆ ಉಸಿರೆಳೆದಳು.

"ಏನು ವಾಸನೆ?" ಅಂದ ಚಿನ್ನಪ್ಪ.

"ಹಸಿವಿನ ವಾಸ್ನೆ ಕಣಣ್ಣ. ರಾತ್ರಿ ಉಂಡಿಲ್ಲ."

ಮುಂದಿನವಳ ಸರದಿ. "ಇವ್ಳದ್ದು?" "ಹುರುಳಿಕಾಳು." "ಇವ್ಳದ್ದು?" "ಅದೂ ಹಸಿವೇ." ಒಬ್ಬೊಬ್ಬರಾಗಿ ಹೆಂಗಸರು ಗಟ್ಟಿಯಾಗಿ ಕೂಗತೊಡಗಿದರು. ಹಸಿವು. ಗೊಜ್ಜು. ಹಸಿವು. ನಿನ್ನೆಯ ಮುದ್ದೆ. ಗಾಡಿ ನಿಲ್ಲಿಸಿದ್ದವನೊಬ್ಬ ಮುಸಿಮುಸಿ ನಕ್ಕ. ಧಣಿ ಸಾಕು ಸಾಕು, ಒಳಗೆ ನಡೀರಿ ಅಂದ. ನಗು ಬಂದರೂ ಆ ಅವಮಾನ ಯಾರ ಮೈಯಿಂದಲೂ ಇಳಿಯಲಿಲ್ಲ. ಕುಟ್ಟುವಾಗ ಹಾರೆ ಅವತ್ತು ಬೇರೆ ಥರ ಬೀಳುತ್ತಿತ್ತು.

ಹಾರೆ ಎತ್ತಿ ಹಾಕುತ್ತಲೇ ಬೈರಮ್ಮ ಧಣಿಯ ಮಾತನ್ನು ತಲೆಯೊಳಗೆ ತಿರುಗಿಸಿದಳು. ಚೀಟಿ ಪೊಲೀಸಿಗೆ ಕೊಡ್ತೀನಿ. ಕೊಟ್ಟರೆ ಏನಾಗುತ್ತದೆ? ಪೊಲೀಸರು ಬರುತ್ತಾರೆ. ಎಲ್ಲಿಗೆ ಬರುತ್ತಾರೆ? ಕೊಟ್ಟಿಗೆಗೆ. ಕುಡಿಯುವುದು ಕೊಟ್ಟಿಗೆಯಲ್ಲಿ ಅಂತ ಚೀಟಿಯಲ್ಲೇ ಇದೆಯಲ್ಲ. ಅವಳ ಹಾರೆ ಅರ್ಧಕ್ಕೆ ನಿಂತಿತು. ಪಕ್ಕದವಳು ಏನಕ್ಕಾ ಅಂದಳು. "ಏನಿಲ್ಲ ಕಣೆ, ಧಣಿಗೆ ಕಷ್ಟ ಯಾಕೆ ಅಂತ. ನಾನೇ ಕೊಟ್ಬುಟ್ಟು ಬತ್ತೀನಿ" ಅಂದಳು.

ಮಾರನೆಯ ಬೆಳಗ್ಗೆ ಅವಳು ಹೊಸೂರಿಗೆ ನಡೆದಳು. ಪಾನನಿಷೇಧ ನೋಡಿಕೊಳ್ಳುವ ಸಬ್‌ಇನ್ಸ್‌ಪೆಕ್ಟರು ಸೇಲಂ ಕಡೆಯ ತಮಿಳಿನವನು. ಕನ್ನಡ ತಿಳಿಯುತ್ತಿತ್ತು. ನಾಲ್ಕು ತಿಂಗಳಿಂದ ಒಂದು ಕೇಸೂ ಸಿಕ್ಕದೆ ಮೇಲಿನವರಿಂದ ಬೈಸಿಕೊಂಡು ಕೂತಿದ್ದ.

"ಎನ್ನಮ್ಮಾ?" ಅಂದ.

ಬೈರಮ್ಮ ಚೀಟಿ ಮೇಜಿನ ಅಂಚಿಗೆ ಇಟ್ಟಳು. ಅವನು ಓದಿದ. ಕುರ್ಚಿಯಲ್ಲಿ ನೆಟ್ಟಗಾದ.

"ಕಳ್ಳಾ?"

"ಕಲ್ಲು, ಸೋಮಿ."

"ಅದೇ, ಕಳ್ಳು."

"ಕಲ್ಲು" ಅಂದಳು ಬೈರಮ್ಮ ಇನ್ನೊಂದು ಸಲ, ನಿಧಾನವಾಗಿ.

ಕೇರಿಯವರ ನಾಲಿಗೆ ಹೊರಳುವುದಿಲ್ಲ ಅಂತ ಸಬ್‌ಇನ್ಸ್‌ಪೆಕ್ಟರಿಗೆ ಹುಟ್ಟುವಾಗಲೇ ಗೊತ್ತಿತ್ತು. ಪಕ್ಕದ ಪೇದೆಯ ಕಡೆ ನೋಡಿ ನಕ್ಕು, "ಇವಂಗಳುಕ್ಕು ಳ ವರಾದು" ಅಂದ. ಇವರಿಗೆ ಳ ಬರುವುದಿಲ್ಲವಂತೆ. ಬೈರಮ್ಮನಿಗೆ ತಮಿಳು ಚೆನ್ನಾಗಿ ತಿಳಿಯುತ್ತಿತ್ತು. ಸುಮ್ಮನೆ ತಲೆ ತಗ್ಗಿಸಿದಳು.

"ನೋಡೋಕೆ ಹೇಗಿದೆ? ಬಿಳೀದಾ?"

"ಹಾಲಿದ್ದಂಗೆ, ಸೋಮಿ."

"ದಿನಕ್ಕೆಷ್ಟು?"

"ಒಂದು ಗಾಡಿ ತುಂಬ್ತದೆ. ಬೆಂಗಳೂರಿಗೆ ಹೋಯ್ತದೆ."

"ಬೆಂಗಳೂರಿಗಾ? ಮೈಸೂರು ಸೀಮೇಲಿ ಕಳ್ಳಿಗೆ ನಿಷೇಧವೇ ಇಲ್ಲವಲ್ಲ, ಅಲ್ಲಿಗೆ ಯಾಕೆ?" ಅವನೇ ಯೋಚಿಸಿ ಅವನೇ ಉತ್ತರ ಕಂಡುಕೊಂಡ. "ಓಹೋ! ಹೋಗುವುದಲ್ಲ, ಅಲ್ಲಿಂದ ಬರುವುದು. ನಿನಗೆ ಗೊತ್ತಾಗಲ್ಲ ಬಿಡು."

"ನಮ್ಗೆಲ್ಲಿ ಗೊತ್ತಾಯ್ತದೆ, ಸೋಮಿ" ಅಂದಳು ಬೈರಮ್ಮ.

"ಬಾಗಿಲು ಹಾಕಿರ್ತಾರಾ?"

"ಅಗುಳಿ ಹಾಕಿರ್ತಾರೆ. ಸಂದಿಗೆಲ್ಲ ಗೋಣಿ ತುರುಕವ್ರೆ. ಹೊರ್ಗಡೆ ಒಂದು ಚೂರೂ ಹೋಗ್ಬಾರ್ದು ಅಂತವ."

ಸಬ್‌ಇನ್ಸ್‌ಪೆಕ್ಟರು ಟೊಪ್ಪಿಗೆ ಹಾಕಿಕೊಂಡ.

ಆ ಮಧ್ಯಾಹ್ನ ನಾಲ್ಕು ಜನ ಪೇದೆಗಳನ್ನೂ ದಾರಿ ತೋರಿಸಲು ಬೈರಮ್ಮನನ್ನೂ ಕರೆದುಕೊಂಡು ಅವನು ಕೊಟ್ಟಿಗೆಯ ಮುಂದೆ ಗಾಡಿಯಿಂದ ಇಳಿದಾಗ ಲಕ್ಷ್ಮಣಪ್ಪ ಊಟ ಮುಗಿಸಿ ಎಲೆಅಡಿಕೆ ಹಾಕಿಕೊಂಡಿದ್ದ. ಒಳಗಿನಿಂದ ಹಾರೆಯ ಸದ್ದು ಧಿಮಿ ಧಿಮಿ ಬರುತ್ತಿತ್ತು.

"ಒಳಗೇನು ನಡೀತಿದೆ?"

"ಕಲ್ಲು ಸಾರ್" ಅಂದ ಲಕ್ಷ್ಮಣಪ್ಪ, ಎಲೆಅಡಿಕೆಯನ್ನು ಒಂದು ದವಡೆಗೆ ತಳ್ಳಿ.

"ಒಪ್ಪಿಕೊಂಡ, ಬರಕೋ" ಅಂದ ಸಬ್‌ಇನ್ಸ್‌ಪೆಕ್ಟರು ಪೇದೆಗೆ.

"ಏನು ಒಪ್ಪಿಕೊಂಡೆ? ಕಲ್ಲು ಸಾರ್, ಬರೀ ಕಲ್ಲು!"

"ಎರಡು ಸಲ ಒಪ್ಪಿಕೊಂಡ. ಬರಕೋ."

ಧಣಿಯ ಬಾಯಲ್ಲಿ ಎಲೆಅಡಿಕೆ, ಎದುರಿಗೆ ಪೊಲೀಸು. ಹೇಳಿದಷ್ಟೂ ಕಲ್ಲು ಕಳ್ಳಾಗಿ ಬೀಳುತ್ತಿತ್ತು. ಬಾಗಿಲು ತೆಗೆಯಬೇಡಿ, ಪುಡಿ ಹಾರಿಹೋಗುತ್ತೆ ಅಂತ ಅಡ್ಡ ನಿಂತ. ಪೊಲೀಸರಿಗೆ ಇನ್ನೂ ಅನುಮಾನ ಹೆಚ್ಚಾಯಿತು. ಅವನ ರಟ್ಟೆ ಹಿಡಿದು ಒಳಕ್ಕೆ ಎಳೆದುಕೊಂಡೇ ಹೋದರು. ಕೊಟ್ಟಿಗೆ ಕಟ್ಟಿಸಿದಾಗಿನಿಂದ ಕೆಲಸ ನಡೆಯುವಾಗ ಲಕ್ಷ್ಮಣಪ್ಪ ಹೊಸಿಲು ದಾಟಿದ್ದು ಅದೇ ಮೊದಲು.

ಸಬ್‌ಇನ್ಸ್‌ಪೆಕ್ಟರು ಮಡಕೆ ಹುಡುಕಿದ. ಒರಳುಗಳಿದ್ದವು. "ಎಲ್ಲಿ ಬಚ್ಚಿಟ್ಟಿದ್ದೀರಿ?"

"ಒಳ್ಗಡೆ ಕೋಣೇಲಿ, ಸೋಮಿ" ಅಂದಳು ಬೈರಮ್ಮ. "ನಯವಾದದ್ದೆಲ್ಲ ಅಲ್ಲೇ. ಆದ್ರೆ ನಾವು ಹೆಂಗೆ ಮಾಡ್ತೀವಿ ಅಂತ ನೋಡ್ಬೇಕಾದ್ರೆ ಬಾಗ್ಲು ಹಾಕ್ಬೇಕು. ಧಣಿಗಳ ಕಟ್ಲೆ."

"ಹಾಕು" ಅಂದ ಅವನು.

ಬಾಗಿಲು ಮುಚ್ಚಿತು. ಚಿನ್ನಪ್ಪ ಪೊಲೀಸರನ್ನು ಕಂಡಾಗಲೇ ಓಡಿಹೋಗಿದ್ದ. ಹೊರಗೆ ಗೋಡೆಗೊರಗಿ ಕೂತಿದ್ದ ನಂಜಪ್ಪ ಎದ್ದು ಬಂದು ಅಗುಳಿ ಜಡಿದ. ಅದನ್ನು ಮಾಡು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಒಳಗೆ ಬೈರಮ್ಮ ಹೆಂಗಸರ ಕಡೆ ನೋಡಿದಳು. "ಕುಟ್ರಮ್ಮಿ. ಸರ್ಕಾರದೋರು ನೋಡಾಕೆ ಬಂದವ್ರೆ. ಕಳ್ಳಾಟ ಆಡ್ಬೇಡಿ."

ಹತ್ತೊಂಬತ್ತು ಹಾರೆ ಒಟ್ಟಿಗೆ ಎದ್ದವು, ಒಟ್ಟಿಗೆ ಬಿದ್ದವು. ಇಷ್ಟು ಹುರುಪಿನಿಂದ ಅವರು ಯಾವತ್ತೂ ಕುಟ್ಟಿರಲಿಲ್ಲ. ಜರಡಿ ಕೋಣೆಯಲ್ಲಿ ಬೈರಮ್ಮ ಎರಡು ಕೈಯಲ್ಲೂ ಜರಡಿ ಹಿಡಿದು ಆಡಿಸಿದಳು. ಮೊದಲು ಧಣಿಯ ಕರೀ ಕೋಟು ಬೂದಿಯಾಯಿತು, ಆಮೇಲೆ ಬೆಳ್ಳಗಾಯಿತು. ಪೇದೆಗಳ ಮೀಸೆ ನರೆಯಿತು. ಸಬ್‌ಇನ್ಸ್‌ಪೆಕ್ಟರು ಏನೋ ಕೇಳಲು ಬಾಯಿ ತೆಗೆದ. ಬಾಯಿ ತುಂಬಾ ಕಲ್ಲು. ಕೆಮ್ಮಿದ. ಕೆಮ್ಮಿದಾಗ ಇನ್ನಷ್ಟು ಒಳಗೆ ಹೋಯಿತು. ಗಂಟಲು ಹಿಡಿದುಕೊಂಡು ಬಾಗಿಲಿಗೆ ಗುದ್ದಿದ. ಧಣಿ ನೆಲದಲ್ಲಿ ಕೂತುಬಿಟ್ಟಿದ್ದ. ಅವನ ಬಾಯಿಯಿಂದ ಎಲೆಅಡಿಕೆಯ ಕೆಂಪು, ಮೇಲೆ ಬಿಳಿ ಪುಡಿ. "ತೆಗೀರೋ, ಸಾಯ್ತೀನಿ, ತೆಗೀರೋ" ಅಂತ ಅಳುತ್ತಿದ್ದ.

ನಂಜಪ್ಪ ಅಗುಳಿ ತೆಗೆಯಲು ಸ್ವಲ್ಪ ತಡಮಾಡಿದ. ಉಸಿರು ಸಾಲದ ಮನುಷ್ಯ, ಕೈಯಲ್ಲಿ ಶಕ್ತಿಯಿರಲಿಲ್ಲ ಅಂತ ಆಮೇಲೆ ಹೇಳಿದ. ಎಲ್ಲಾ ಸೇರಿ ಹತ್ತು ನಿಮಿಷ ಇದ್ದೀತು.

ಹೊರಗೆ ಬಿದ್ದು ಒದ್ದಾಡಿ ಸಬ್‌ಇನ್ಸ್‌ಪೆಕ್ಟರಿಗೆ ಮಾತು ಬಂದಾಗ ಅವನು ಮೊದಲು ಎತ್ತಿದ್ದು ಲಾಠಿ. "ಇದು ಕಲ್ಲು!"

"ನಾನೇಳಿದ್ದೂ ಅದೇ ಅಲ್ವಾ, ಸೋಮಿ?" ಬೈರಮ್ಮ ಅಲುಗಲಿಲ್ಲ. "ಒಂದ್ಸಲಾನಾದ್ರೂ ಕಳ್ಳು ಅಂದ್ನಾ? ನಮ್ಗೆ ನಾಲ್ಗೆ ಹೊರಳಾಕಿಲ್ಲ ಅಂತ ನೀವೇ ಅಂದ್ಕಂಡ್ರಿ. ಕೇಳಿ. ಕಲ್ಲು. ಕಳ್ಳು. ಎರಡೂ ಬತ್ತವೆ."

ಲಾಠಿ ಗಾಳಿಯಲ್ಲೇ ನಿಂತಿತು. ಹೊಡೆಯಬಹುದಾಗಿತ್ತು. ಕೇರಿಯ ಹೆಂಗಸಿಗೆ ಹೊಡೆದರೆ ಕೇಳುವವರಿಲ್ಲ. ಆದರೆ ಅವಳ ಹಿಂದೆ ಹತ್ತೊಂಬತ್ತು ಹೆಂಗಸರು ಹಾರೆ ಹಿಡಿದೇ ಹೊರಗೆ ಬಂದು ನಿಂತಿದ್ದರು. ಬಿಳಿ ಮುಖದಲ್ಲಿ ಕಣ್ಣು ಮಾತ್ರ ಕರ್ರಗೆ. ಅವನಿಗೆ ತಿರುಗಿ ಕೆಮ್ಮು ಬಂತು. ಬಗ್ಗಿ ಕೆಮ್ಮಿದ.

"ಹತ್ತು ನಿಮಿಸಕ್ಕೇ ಹಿಂಗಾಯ್ತು ನಿಮ್ಗೆ" ಅಂದಳು ಬೈರಮ್ಮ. ಈಗ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. "ಇವನು ಮೂರು ವರ್ಸ ಆ ಕೋಣೇಲಿದ್ದ. ಅವ್ನ ಮುಂಚೆ ಮೂರು ಜನ ಸತ್ರು. ನೀವು ಕಂಡಿದ್ದನ್ನ ಆ ಚೀಟಿ ಹಿಂದೆ ಬರೀರಿ."

ಅವನಿಗೂ ಬರೆಯದೆ ಗತಿಯಿರಲಿಲ್ಲ. ಡಾಕ್ಟರ ಚೀಟಿ ನಂಬಿ ದಾಳಿ ಮಾಡಿದ್ದಾನೆ, ಕಳ್ಳು ಸಿಕ್ಕಿಲ್ಲ. ಚೀಟಿಯೇ ತಪ್ಪು ಅಂತ ತೋರಿಸದಿದ್ದರೆ ಮೇಲಿನವರ ಮುಂದೆ ನಗೆಪಾಟಲು. ಕೊಟ್ಟಿಗೆಯಲ್ಲಿ ಕಳ್ಳಿಲ್ಲ, ಇರುವುದೆಲ್ಲ ಕಲ್ಲಿನ ದೂಳು, ಒಳಗೆ ಹತ್ತು ನಿಮಿಷ ಉಸಿರಾಡಲು ಸಾಧ್ಯವಿಲ್ಲ ಅಂತ ಬರೆದು ಸಹಿ ಮಾಡಿ ಎಸೆದುಹೋದ.

ಆ ಚೀಟಿ ಮತ್ತೆ ಪಾದ್ರಿ ಆಸ್ಪತ್ರೆಗೆ ಹೋಯಿತು. ಈ ಸಲ ಬೈರಮ್ಮ ಕಾಂಪೌಂಡರ ಮುಂದೆ ಬಾಯಿ ಬಿಟ್ಟು, ಕಲ್ಲಿನ ದೂಳು ಅನ್ನುವುದನ್ನು "ರಾಯಿ, ರಾಯಿ ದುಮ್ಮು" ಅಂತ ತೆಲುಗಿನಲ್ಲೇ ಕೂಗಿದಳು. ದೊರೆ ಎಲ್ಲಾ ಕೇಳಿ ಚೀಟಿ ತಗೊಂಡ. ಕಳ್ಳು ಅಂತ ಇದ್ದದ್ದನ್ನು ಹೊಡೆದುಹಾಕಿ ಕಲ್ಲು ಅಂತ ಬರೆದ. ಎದೆಯ ಕಲೆಯನ್ನು ಹಾಗೆ ಹೊಡೆದುಹಾಕಲು ಬರುವುದಿಲ್ಲ, ಆಗಿದ್ದು ಆಗಿಹೋಯಿತು, ಇನ್ನು ಒಳಗೆ ಹೋಗದಂತೆ ನೋಡಿಕೊಳ್ಳಿ ಅಂತ ಹೇಳಿಸಿದ. ನಂಜಪ್ಪ ಹೂಂ ಅಂದ. ಬೈರಮ್ಮ ವರಾಂಡಕ್ಕೆ ಹೋಗಿ ಗೋಡೆ ಕಡೆ ಮುಖ ಮಾಡಿ ಅತ್ತಳು.

ಸೋಮವಾರ ಬಂತು. ಲಕ್ಷ್ಮಣಪ್ಪ ಇನ್ನೂ ಕೆಮ್ಮುತ್ತಲೇ ಕೊಟ್ಟಿಗೆಯ ಮುಂದೆ ನಿಂತಿದ್ದ. ಕಳ್ಳಿನ ಮಾತು ಈಗ ನಡೆಯುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಅದಕ್ಕೆ ನಿಜವನ್ನೇ ಹೇಳಿದ.

"ಕಲ್ಲೇ ಅಂತ ಇಟ್ಟುಕೊಳ್ಳಿ. ಈಗೇನು? ಕಲ್ಲು ಕುಟ್ಟಿದರೆ ದೂಳು ಬರದೆ ಪನ್ನೀರು ಬರುತ್ತಾ? ಮನಸ್ಸಿದ್ದರೆ ಕುಟ್ಟಿ, ಇಲ್ಲದಿದ್ದರೆ ಬೇರಿಕೆ ಊರ ಕಡೆಯಿಂದ ಜನ ತರಿಸ್ತೀನಿ. ಏಯ್ ಅಶ್ವತ್ಥಮ್ಮ, ಜರಡಿ ತಗೋ. ಒಳಗೆ ನಡಿ."

ಅಶ್ವತ್ಥಮ್ಮ ಜರಡಿ ತಗೊಂಡಳು. ಆದರೆ ಆ ಹುಡುಗಿ ಒಳಗೆ ಹೋಗಲಿಲ್ಲ. ಧಣಿಯ ಕಡೆ ನಡೆದಳು. ಮದುವೆಯಾಗಿ ಬಂದಾಗಿನಿಂದ ಅವನ ಮುಂದೆ ತಲೆಯೆತ್ತದವಳು ನೆಟ್ಟಗೆ ಅವನ ಎದುರು ಹೋಗಿ ನಿಂತು ಜರಡಿಯನ್ನು ಮುಂದಕ್ಕೆ ಚಾಚಿದಳು. ಅದರಲ್ಲಿ ಹಿಂದಿನ ದಿನದ ಪುಡಿ ಅಂಟಿಕೊಂಡಿತ್ತು.

"ನೀವೇ ಹಿಡೀರಿ, ಬುದ್ಧಿ."

ಲಕ್ಷ್ಮಣಪ್ಪ ಎರಡು ಹೆಜ್ಜೆ ಹಿಂದಕ್ಕೆ ಸರಿದ. ಹೆಗಲ ಮೇಲಿದ್ದ ವಲ್ಲಿಯನ್ನು ಎಳೆದು ಮೂಗಿಗೆ ಒತ್ತಿಕೊಂಡ.

"ಯಾಕ್ ಬುದ್ಧಿ ಮೂಗು ಮುಚ್ಕಂಡ್ರಿ?" ಅಂದಳು ಅಶ್ವತ್ಥಮ್ಮ.

ಇಪ್ಪತ್ತು ಹೆಂಗಸರು ಉತ್ತರಕ್ಕೆ ಕಾದರು. ಯಾರೂ ನಗಲಿಲ್ಲ. ಧಣಿಯ ಕಣ್ಣು ಚಿನ್ನಪ್ಪನ ಕಡೆ ಹೋಯಿತು. ಚಿನ್ನಪ್ಪನೂ ಮೂಗು ಮುಚ್ಚಿಕೊಂಡಿದ್ದ.

"ಉತ್ರ ಬರೋಗಂಟ ಕೂತಿರಾನ" ಅಂದಳು ಬೈರಮ್ಮ. ಹೊಸಿಲಿಗೆ ಅಡ್ಡಲಾಗಿ ಕೂತಳು. ಎಲ್ಲರೂ ಕೂತರು. ಬೇರಿಕೆಯಿಂದ ಮಾರನೆಯ ದಿನ ಎರಡು ಗಾಡಿ ಜನ ಬಂದರು. ಅವರೂ ಯಾವುದೋ ಕೇರಿಯವರೇ. ಇಳಿದವರ ಮುಂದೆ ನಂಜಪ್ಪ ಎದ್ದು ನಿಂತು ತನ್ನ ಕೆಮ್ಮು ಕೇಳಿಸಿದ, ಅಷ್ಟೇ ಮಾಡಿದ್ದು. ಗಾಡಿಗಳು ತಿರುಗಿ ಹೋದವು. ಕೇರಿಯಲ್ಲಿ ಒಲೆ ಹತ್ತಲಿಲ್ಲ. ಹೆಂಗಸರು ಕಾಡಿನಂಚಿನ ಸೊಪ್ಪು ಬೇಯಿಸಿಕೊಂಡು ತಿಂದು ಮತ್ತೆ ಬಂದು ಕೂತರು.

ಐದನೆಯ ದಿನ ಚಿನ್ನಪ್ಪ ನಾಲ್ಕು ಆಳುಗಳನ್ನು ಕರಕೊಂಡು ಬಂದು ಮಾತಾಡದೆ ಜರಡಿ ಕೋಣೆಯ ಗೋಡೆಗೆ ಹಾರೆ ಹಾಕಿದ. ಗೋಣಿಚೀಲ ಕಿತ್ತುಹಾಕಿದ. ಬೆಂಗಳೂರಿನ ಗಾಡಿ ಐದು ದಿನದಿಂದ ಖಾಲಿ ನಿಂತಿತ್ತಲ್ಲ. ಮಣ್ಣಿನ ಗೋಡೆ ಮಧ್ಯಾಹ್ನದೊಳಗೆ ಬಿತ್ತು. ಬಿಸಿಲು ಒಳಗೆ ಹೋಯಿತು.

"ಗೋಡೆ ಆಯ್ತಲ್ಲಕ್ಕಾ" ಅಂದ ನಂಜಪ್ಪ, ಒಂದೊಂದೇ ಉಸಿರು ಕೂಡಿಸಿಕೊಂಡು. "ಇನ್ನು ನೀರು ಕೇಳು."

ಬೈರಮ್ಮ ಬಾವಿಯ ಕಡೆ ನೋಡಿದಳು. ಚಿನ್ನಪ್ಪ ಹಗ್ಗದ ಪಕ್ಕದಲ್ಲೇ ನಿಂತಿದ್ದ. ಕೇಳುವುದು ಅವಳಿಗೆ ಸಾಕಾಗಿ ಹೋಗಿತ್ತು. ಕೇರಿಯಿಂದ ಕುಡಿಯಲು ನೀರು ತಂದಿದ್ದ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಬಾವಿಗೆ ನಡೆದಳು. ಹಿಂದೆ ಹತ್ತೊಂಬತ್ತು ಕೊಡ ಹೊರಟವು.